ಕುಡಿದವರನ್ನು ಪುಕ್ಕಟೆ ಮನೆಗೆ ಬಿಟ್ಟರೆ ಕುಡಿತ ಜಾಸ್ತಿ ಆಗಲ್ವಾ?

ಓದುಗರ ಪ್ರಶ್ನೆ: ನಮ್ಮ ಮಗ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಯೂನಿವರ್ಸಿಟಿಯಲ್ಲಿ ವಾರದ ಕೊನೆಗೆ ಕುಡಿದವರನ್ನು ಅಲ್ಲಿನ ವಿದ್ಯಾರ್ಥಿಗಳೇ ಕಾರಿನಲ್ಲಿ ಕೂರಿಸಿಕೊಂಡು, ದುಡ್ಡಿಲ್ಲದೆ ಮನೆಗೆ ಬಿಡುತ್ತಾರಂತೆ. ಹೀಗೆ ಮಾಡಿದರೆ ಹುಡುಗರಿಗೆ ಕುಡಿಯೋಕೆ ನಾವೇ ದಾರಿ ಮಾಡಿಕೊಟ್ಟ ಹಾಗಲ್ವಾ?

ಈ ಪ್ರಶ್ನೆ ನಿಮ್ಮೊಬ್ಬರದ್ದಲ್ಲ. ಮಕ್ಕಳನ್ನು ದೂರ ಕಳಿಸಿದ ಎಷ್ಟೋ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಇಲ್ಲ ಅಂತಲೇ. ಯಾಕೆ ಅಂತ ಹೇಳುತ್ತೇನೆ.

ಕುಡಿಯಬೇಕು ಅನ್ನುವ ತೀರ್ಮಾನ ಸಂಜೆ ಏಳು ಗಂಟೆಗೆ ಆಗಿರುತ್ತದೆ. ಗಾಡಿ ಓಡಿಸುವ ತೀರ್ಮಾನ ಆಗುವುದು ರಾತ್ರಿ ಎರಡು ಗಂಟೆಗೆ. ಏಳು ಗಂಟೆಯ ಹುಡುಗನೇ ಬೇರೆ, ಎರಡು ಗಂಟೆಯ ಹುಡುಗನೇ ಬೇರೆ. ಏಳು ಗಂಟೆಯವನಿಗೆ ಬುದ್ಧಿ ಹೇಳಬಹುದು. ಎರಡು ಗಂಟೆಯವನಿಗೆ ಬುದ್ಧಿಮಾತು ಕಿವಿಗೇ ಬೀಳುವುದಿಲ್ಲ. ಅವನಿಗೆ ಆಗ ಬೇಕಿರುವುದು ಒಂದು ಕಾರು.

ನೀವು ಹೇಳುತ್ತಿರುವಂಥ ಸೇವೆಗಳಲ್ಲಿ ತುಂಬ ಹೆಸರಾದದ್ದು ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಯ ‘ಕಾರ್‌ಪೂಲ್’. ಶುರುವಾಗಿದ್ದು 1998ರಲ್ಲಿ. ಶುರು ಮಾಡಿದವರು ಅಲ್ಲಿಯ ಒಬ್ಬ ವಿದ್ಯಾರ್ಥಿ. ಕುಡಿದು ಗಾಡಿ ಓಡಿಸಿ ಪೊಲೀಸರಿಗೆ ಸ್ವತಃ ಸಿಕ್ಕಿಬಿದ್ದವರು. ಅಂದಿನಿಂದ 2 ಲಕ್ಷಕ್ಕೂ ಹೆಚ್ಚು ಸಲ ಇದರ ಕಾರುಗಳು ಜನರನ್ನು ಮನೆ ಮುಟ್ಟಿಸಿವೆ.

ಯೂನಿವರ್ಸಿಟಿ ಇರುವ ಊರಿನ ಹೆಸರೇ ಕಾಲೇಜ್ ಸ್ಟೇಷನ್. ಬಾರುಗಳೆಲ್ಲ ಕ್ಯಾಂಪಸ್ಸಿನ ಉತ್ತರಕ್ಕೆ, ನಾರ್ತ್‌ಗೇಟ್ ಅನ್ನುವ ಕಡೆ ಒತ್ತೊತ್ತಾಗಿವೆ. ಹುಡುಗರ ಬಾಡಿಗೆ ಮನೆಗಳು ಊರ ತುಂಬ ಹರಡಿಕೊಂಡಿವೆ. ನಡೆದು ಹೋಗೋಣ ಅಂದರೆ ದೂರ. ಹಾಗಾಗಿ ಬಹಳ ಜನ ತಮ್ಮ ಕಾರಿನಲ್ಲೇ ಬಂದಿರುತ್ತಾರೆ. ಬಾರುಗಳು ಎರಡು ಗಂಟೆಗೆ ಮುಚ್ಚುತ್ತವೆ, ಎಲ್ಲರೂ ಒಟ್ಟಿಗೇ ಬೀದಿಗೆ ಬರುತ್ತಾರೆ. ಕಾರ್‌ಪೂಲ್‌ನ ವೇಳೆಯನ್ನು ಇದಕ್ಕೆ ಹೊಂದಿಸಿಯೇ ಇಟ್ಟಿದ್ದಾರೆ: ಗುರುವಾರ, ಶುಕ್ರವಾರ, ಶನಿವಾರ, ರಾತ್ರಿ ಹತ್ತರಿಂದ ಮೂರರವರೆಗೆ.

ಕೆಲಸ ನಡೆಯುವ ರೀತಿ ಸರಳ. ಒಂದು ಕೋಣೆಯಲ್ಲಿ ನಾಲ್ಕಾರು ಹುಡುಗ ಹುಡುಗಿಯರು ಫೋನ್ ಹಿಡಿದು ಕೂತಿರುತ್ತಾರೆ. ಎಲ್ಲಿದ್ದೀರಿ, ಎಷ್ಟು ಜನ, ಎಲ್ಲಿಗೆ ಹೋಗಬೇಕು, ಇಷ್ಟು ಕೇಳಿ ಬರೆದುಕೊಳ್ಳುತ್ತಾರೆ. ಹೊರಗಿರುವ ಪ್ರತಿ ಕಾರಿನಲ್ಲಿ ಇಬ್ಬರು. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ದಾರಿ ನೋಡಿ ಹೇಳುತ್ತಾರೆ, ಫೋನ್ ನೋಡಿಕೊಳ್ಳುತ್ತಾರೆ, ಹಿಂದೆ ಕೂತವರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಇವರೆಲ್ಲ ಆ ರಾತ್ರಿ ಒಂದು ಹನಿಯೂ ಮುಟ್ಟದೆ, ತಮ್ಮ ಶನಿವಾರವನ್ನು ಬೇರೆಯವರಿಗೆ ಕೊಟ್ಟವರು. ಇಪ್ಪತ್ತು ವರ್ಷದ ಮಕ್ಕಳು ಹೀಗೆ ಮಾಡುವುದನ್ನು ನೆನೆದಾಗ ನನಗೆ ನಿಜವಾಗಿಯೂ ಮನಸ್ಸು ತುಂಬಿ ಬರುತ್ತದೆ.

ಇಡೀ ಸೇವೆಯ ಜೀವ ಇರುವುದು ಒಂದು ನಿಯಮದಲ್ಲಿ: ಹತ್ತಿದವರನ್ನು ಬೈಯುವ ಹಾಗಿಲ್ಲ. ಯಾಕೆ ಕುಡಿದೆ, ಇಷ್ಟೊಂದು ಯಾಕೆ ಅಂತ ಕೇಳುವ ಹಾಗಿಲ್ಲ. ನಮ್ಮಂಥ ಹಿರಿಯರಿಗೆ ಇದು ಒಪ್ಪುವುದು ಕಷ್ಟ. ಆದರೆ ಯೋಚಿಸಿ ನೋಡಿ. ಫೋನ್ ಮಾಡಿದರೆ ಬೈಗುಳ ಗ್ಯಾರಂಟಿ ಅಂತ ಗೊತ್ತಿದ್ದರೆ ಯಾರು ಫೋನ್ ಮಾಡುತ್ತಾರೆ? ‘ಹತ್ತು ನಿಮಿಷದ ದಾರಿ ಅಷ್ಟೇ’ ಅಂದುಕೊಂಡು ಕೀ ತಿರುಗಿಸುತ್ತಾರೆ. ಅಥವಾ ಗುಂಪಿನಲ್ಲಿ ‘ಕಮ್ಮಿ ಕುಡಿದವನು’ ಓಡಿಸುತ್ತಾನೆ. ಕಮ್ಮಿ ಕುಡಿದವನೂ ಕುಡಿದವನೇ ಅಲ್ವಾ?

ಇನ್ನು ನಿಮ್ಮ ನೇರ ಪ್ರಶ್ನೆ: ಕುಡಿತ ಜಾಸ್ತಿ ಆಗುತ್ತದಾ? ಇದನ್ನು ಅಳೆದು ನೋಡಿದವರಿದ್ದಾರೆ. ವಿಸ್ಕಾನ್ಸಿನ್ ರಾಜ್ಯದ ಹಳ್ಳಿ ಕಡೆ 2002ರಲ್ಲಿ ‘ರೋಡ್ ಕ್ರೂ’ ಅನ್ನುವ ಯೋಜನೆ ಶುರುವಾಯಿತು. 21ರಿಂದ 34 ವಯಸ್ಸಿನವರನ್ನು ಮನೆಯಿಂದ ಬಾರಿಗೆ, ಬಾರಿನಿಂದ ಮನೆಗೆ ಹಳೆಯ ಐಷಾರಾಮಿ ಕಾರುಗಳಲ್ಲಿ ಕರೆದೊಯ್ಯುವುದು ಅದರ ಕೆಲಸ. ಅಲ್ಲಿ ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಿದ್ದರು, ಕಾಲೇಜಿನದ್ದೂ ಅಲ್ಲ. ಆದರೆ ಪ್ರಶ್ನೆ ಇದೇ ಆಗಿತ್ತು. ಮೊದಲ ವರ್ಷ ಕುಡಿದು ಓಡಿಸಿದ ಅಪಘಾತಗಳು ಅಂದಾಜು ಶೇಕಡಾ 17ರಷ್ಟು ಇಳಿದವು ಅಂತ ಲೆಕ್ಕ ಬಂತು. ಊರಿನವರ ಕುಡಿತ ಏರಿದ್ದು ಕಂಡುಬರಲಿಲ್ಲ.

ಹಾಗಂತ ಯಾರೊಬ್ಬರೂ ಒಂದು ಗ್ಲಾಸ್ ಜಾಸ್ತಿ ಕುಡಿಯುವುದಿಲ್ಲ ಅಂತ ನಾನು ಆಣೆ ಮಾಡಲಾರೆ. ಕಾರು ಬರುತ್ತದೆ ಅಂದಾಗ ಕೆಲವರು ಮೈಮರೆಯಬಹುದು. ಅದು ಅವರ ದೇಹಕ್ಕೆ ಅಪಾಯವೇ. ಆದರೆ ಕುಡಿದವನು ಸ್ಟೀರಿಂಗ್ ಹಿಡಿದರೆ ಎದುರಿನಿಂದ ಬರುವವರಿಗೂ ಅಪಾಯ. ಅಮೆರಿಕದಲ್ಲಿ 2022ರ ಒಂದೇ ವರ್ಷ ಕುಡಿದು ಓಡಿಸಿದ ಅಪಘಾತಗಳಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕುಡಿಯದೇ ಇದ್ದವರೂ ಇದ್ದರು. ಈ ಎರಡು ಅಪಾಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆ ಇನ್ನೊಂದು ನಂಬಿಕೆ ಇದೆ. ಮಜ್ಜಿಗೆ ಕುಡಿಸಿ, ನಿಂಬೆಹುಳಿ ಕೊಡಿ, ತಲೆ ಮೇಲೆ ತಣ್ಣೀರು ಸುರಿಯಿರಿ, ಅಮಲು ಇಳಿಯುತ್ತೆ ಅಂತ. ಅಮೆರಿಕದ ಹುಡುಗರು ಕಾಫಿಯನ್ನು ಹಾಗೆ ನಂಬುತ್ತಾರೆ. ಯಾವುದರಿಂದಲೂ ಇಳಿಯುವುದಿಲ್ಲ. ರಕ್ತದಲ್ಲಿನ ಆಲ್ಕೋಹಾಲನ್ನು 100 ಮಿ.ಲೀ. ರಕ್ತಕ್ಕೆ ಎಷ್ಟು ಗ್ರಾಂ ಅಂತ ಅಳೆಯುತ್ತಾರೆ; ಅದು ಗಂಟೆಗೆ ಸುಮಾರು 0.015ರಷ್ಟು ಮಾತ್ರ ಇಳಿಯುತ್ತದೆ. ಟೆಕ್ಸಾಸ್‌ನ ಕಾನೂನಿನ ಮಿತಿ 0.08. ಅಷ್ಟು ಇದ್ದದ್ದು ಸೊನ್ನೆಗೆ ಬರಲು ಐದು ಗಂಟೆಗಿಂತ ಜಾಸ್ತಿ ಬೇಕು. 21 ತುಂಬದವರಿಗಂತೂ ಅಲ್ಲಿ ಸ್ವಲ್ಪ ಕಂಡುಬಂದರೂ ತಪ್ಪು.

ಕೆನಡಾದ ಒಂದು ಕಥೆಯನ್ನೂ ಹೇಳಬೇಕು, ಅದರಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಕ್ವಿಬೆಕ್‌ನ ಲಾವಾಲ್ ಯೂನಿವರ್ಸಿಟಿಯಲ್ಲಿ ಝಾನ್-ಮಾರಿ ಡಿ ಕೊನಿಂಕ್ ಅನ್ನುವ ಗಣಿತದ ಪ್ರೊಫೆಸರ್ ಇದ್ದರು. ಈಜು ತಂಡಕ್ಕೆ ಕೋಚ್ ಕೂಡ ಅವರೇ. 1984ರಲ್ಲಿ ಅವರು ‘ನೇ ರೂಜ್’, ಅಂದರೆ ಕೆಂಪು ಮೂಗು, ಅನ್ನುವ ಸೇವೆ ಶುರು ಮಾಡಿದರು. ಕ್ರಿಸ್ಮಸ್ ದಿನಗಳಲ್ಲಿ ಫೋನ್ ಮಾಡಿದರೆ ಮೂವರು ಸ್ವಯಂಸೇವಕರು ಬರುತ್ತಾರೆ. ಒಬ್ಬರು ನಿಮ್ಮ ಕಾರನ್ನೇ ಓಡಿಸುತ್ತಾರೆ, ಇನ್ನೊಬ್ಬರು ಅವರ ಜೊತೆ ಕೂರುತ್ತಾರೆ, ಮೂರನೆಯವರು ಇನ್ನೊಂದು ಕಾರಿನಲ್ಲಿ ಹಿಂಬಾಲಿಸುತ್ತಾರೆ. ನಿಮ್ಮ ಜೊತೆ ನಿಮ್ಮ ಕಾರೂ ಮನೆ ಸೇರುತ್ತದೆ. ಇಷ್ಟ ಬಂದಷ್ಟು ದುಡ್ಡು ಕೊಡಬಹುದು, ಅದು ಮಕ್ಕಳ ಕ್ರೀಡೆಗೆ ಹೋಗುತ್ತದೆ. ‘ನಾಳೆ ಬೆಳಿಗ್ಗೆ ಕಾರು ಬೇಕಲ್ಲ’ ಅನ್ನುವ ನೆಪದಲ್ಲೇ ಎಷ್ಟೋ ಜನ ಓಡಿಸುತ್ತಾರೆ. ಆ ನೆಪವನ್ನೇ ಇವರು ತೆಗೆದುಬಿಟ್ಟರು.

ನಮ್ಮ ಊರುಗಳಲ್ಲಿ ಹುಡುಗರ ಕೈಯಲ್ಲಿರುವುದು ಬೈಕು. ಕುಡಿದವನನ್ನು ಹಿಂದೆ ಕೂರಿಸಿಕೊಂಡು ಹೋಗುವುದೂ ಅಪಾಯ, ತೂಗಾಡಿ ಬೀಳುತ್ತಾನೆ. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್ ಇದ್ದರು. ಯಾರಾದರೂ ಪಾರ್ಟಿಗೆ ಹೊರಟರೆ ಸುಮ್ನೆ ಕೈ ಚಾಚುತ್ತಿದ್ದರು. ಬೈಕ್ ಕೀ ಅವರ ಕೈಗೆ ಇಟ್ಟು ಆಟೋದಲ್ಲಿ ಹೋಗಬೇಕು, ಆಟೋದಲ್ಲಿ ಬರಬೇಕು. ಒಂದು ಮಾತೂ ಆಡುತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವರ ಋಣ ನನ್ನ ಮೇಲಿದೆ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಟೆಕ್ಸಾಸ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದರೂ 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ಆಗಬಹುದು. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಇನ್ನೂ ಒಂದು ಪೆಟ್ಟಿದೆ. ಕುಡಿದು ಓಡಿಸಿದ್ದಕ್ಕೆ ಅರೆಸ್ಟ್ ಆದರೆ ಸಾಕು, ಕೋರ್ಟಿನಲ್ಲಿ ತಪ್ಪು ಸಾಬೀತಾಗುವ ಮುಂಚೆಯೇ ವೀಸಾ ರದ್ದು ಮಾಡುವ ಪದ್ಧತಿ 2015ರಿಂದ ಇದೆ. ಆಮೇಲೆ ಊರಿಗೆ ಬಂದರೆ ಹೊಸ ವೀಸಾ ಸಿಗುವವರೆಗೆ ವಾಪಸ್ ಹೋಗುವ ಹಾಗಿಲ್ಲ. ಇದನ್ನು ಅವನಿಗೆ ಖಂಡಿತ ಹೇಳಿ.

ಇನ್ನೊಂದನ್ನೂ ಹೇಳಿ. ಗೆಳೆಯನೊಬ್ಬ ಕುಡಿದು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನ ಆಗಿದ್ದರೆ, ಮನೆಗೆ ಬಿಟ್ಟು ಮಲಗಿಸುವುದಲ್ಲ, ಅಲ್ಲಿನ ತುರ್ತು ನೆರವಿನ ನಂಬರ್ 911ಕ್ಕೆ ಫೋನ್ ಮಾಡಬೇಕು. ಹಾಗೆ ನೆರವು ಕೇಳಿ, ಅಲ್ಲೇ ಇದ್ದು ಸಹಕರಿಸಿದ, 21 ತುಂಬದವರ ಮೇಲೆ ಕುಡಿದದ್ದಕ್ಕೆ ಕೇಸು ಬೀಳದಂತೆ ಟೆಕ್ಸಾಸ್ 2011ರಲ್ಲೇ ಕಾನೂನು ಮಾಡಿದೆ.

ಅವನ ಯೂನಿವರ್ಸಿಟಿಯ ಸೇವೆಯ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಹಾಕಿಕೊಳ್ಳಲು ಹೇಳಿ. ಕಾರು ಬರುವವರೆಗೆ ಒಳಗೇ, ಗೆಳೆಯರ ಜೊತೆ ಇರಲಿ. ಬಂದವರು ಅವನ ಹೆಸರು ಹೇಳಿದ ಮೇಲೆಯೇ ಅವನು ಹತ್ತಲಿ. ಆಮೇಲೆ ನಿಮ್ಮ ಕಡೆಯಿಂದ ಒಂದು ಮಾತು ಕೊಡಿ: ಯಾವ ಹೊತ್ತಿಗೆ ಫೋನ್ ಮಾಡಿದರೂ ಆ ರಾತ್ರಿ ನಾವು ಬೈಯುವುದಿಲ್ಲ ಅಂತ. ಅಲ್ಲಿ ರಾತ್ರಿ ಎರಡು ಅಂದರೆ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ನೀವು ಊಟಕ್ಕೆ ಕೂತಿರುತ್ತೀರಿ. ಫೋನ್ ಪಕ್ಕದಲ್ಲೇ ಇಟ್ಟುಕೊಳ್ಳಿ.