ಡ್ರೀಮ್ ಪಾಪ್ ಅಂದ್ರೆ ಏನು? ಬೀಚ್ ಹೌಸ್ ಮೊದಲನೇ ಆಲ್ಬಮ್ ಕೇಳಿದ್ರೆ ಗೊತ್ತಾಗುತ್ತೆ

ಈಗ ಯಾವ ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತ) ಪ್ಲೇಲಿಸ್ಟ್ ತೆಗೆದ್ರೂ ಡ್ರೀಮ್ ಪಾಪ್ ಅನ್ನೋ ಹೆಸರು ಕಾಣುತ್ತೆ, ಹಾಡು ಸ್ವಲ್ಪ ನಿಧಾನವಾಗಿದ್ದು ಮೆತ್ತಗೆ ಹಾಡಿದ್ರೆ ಸಾಕು ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿಬಿಡ್ತಾರೆ. ನಿಧಾನ ಒಂದಿದ್ರೆ ಸಾಲಲ್ಲ. 80ರ ದಶಕದ ಕೊನೇಲಿ ಲಂಡನ್‌ನ ಎ.ಆರ್. ಕೇನ್ ಅನ್ನೋ ಜೋಡೀಲಿ ಒಬ್ಬರಾದ ಅಲೆಕ್ಸ್ ಆಯುಲಿ ತಮ್ಮ ಸಂಗೀತಕ್ಕೆ ಕೊಟ್ಟ ಹೆಸರಿದು, ಆಮೇಲೆ ಸೈಮನ್ ರೆನಾಲ್ಡ್ಸ್ ಅನ್ನೋ ವಿಮರ್ಶಕರು ಇದನ್ನ ಬೇರೆ ಬ್ಯಾಂಡ್‌ಗಳಿಗೂ ಬಳಸಿದ್ರು. ಸ್ಕಾಟ್ಲೆಂಡ್‌ನ ಕಾಕ್ಟೋ ಟ್ವಿನ್ಸ್ ಅಂತೂ ಈ ಹೆಸರು ಹುಟ್ಟೋಕೆ ಮುಂಚೇನೇ ಇಂಥ ಹಾಡು ಮಾಡ್ತಿದ್ರು.

ಇದರ ಗುಟ್ಟು ಇರೋದು ಟ್ಯೂನ್‌ಗಿಂತ ಹೆಚ್ಚಾಗಿ ಸೌಂಡ್‌ನಲ್ಲಿ. ಗಿಟಾರ್, ಕೀಬೋರ್ಡ್ ಎಲ್ಲದಕ್ಕೂ ರಿವರ್ಬ್, ಅಂದ್ರೆ ದೊಡ್ಡ ಖಾಲಿ ಹಾಲ್ ಒಳಗೆ ಗುಂಯ್‌ಗುಟ್ಟೋ ಥರದ ಎಫೆಕ್ಟ್, ಹಾಕಿರ್ತಾರೆ, ಒಂದು ಸ್ವರ ಪೂರ್ತಿ ಆರೋ ಮುಂಚೇನೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತೆ, ಹಾಡೋರ ದನಿ ಮುಂದೆ ಬಂದು ನಿಲ್ಲಲ್ಲ, ವಾದ್ಯಗಳ ಮಧ್ಯದಲ್ಲೇ ಎಲ್ಲೋ ಇರುತ್ತೆ. ಸಾಹಿತ್ಯ ಅರ್ಧಂಬರ್ಧ ಕೇಳಿಸಿದ್ರೂ ಭಾವ ಪೂರ್ತಿ ತಲುಪುತ್ತೆ.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಬೀಚ್ ಹೌಸ್. ಅಮೆರಿಕದ ಬಾಲ್ಟಿಮೋರ್‌ನ ಜೋಡಿ, ವಿಕ್ಟೋರಿಯಾ ಲೆಗ್ರಾಂಡ್ ಹಾಡು ಮತ್ತು ಕೀಬೋರ್ಡ್, ಅಲೆಕ್ಸ್ ಸ್ಕ್ಯಾಲಿ ಗಿಟಾರ್. 2006ರಲ್ಲಿ ಬಂದ ಮೊದಲನೇ ಆಲ್ಬಮ್‌ಗೆ ಬ್ಯಾಂಡ್ ಹೆಸರನ್ನೇ ಇಟ್ರು, ಸ್ಕ್ಯಾಲಿ ಮನೆ ಬೇಸ್‌ಮೆಂಟ್‌ನಲ್ಲಿ ಬರೀ ನಾಲ್ಕು ಪದರ ಸೌಂಡ್ ಹಿಡಿಯೋ ಫೋರ್ ಟ್ರ್ಯಾಕ್ ಮೆಷಿನ್‌ನಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. ಡ್ರಮ್ಮರ್ ಇಲ್ಲ, ಟಿಕ್ ಟಿಕ್ ಅಂತ ತನ್ನಷ್ಟಕ್ಕೆ ನಡೀತಾ ಇರೋ ಮೆಷಿನ್ ತಾಳ ಅಷ್ಟೇ. ಅದರ ಮೇಲೆ ಆರ್ಗನ್, ಕಛೇರಿಲಿ ಶ್ರುತಿಪೆಟ್ಟಿಗೆ ಹಿಂದೆ ಬಿಡದೆ ನಿಂತಿರುತ್ತಲ್ಲ ಹಾಗೆ. ಆಪಲ್ ಆರ್ಚರ್ಡ್ ಹಾಡನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಸ್ಲೈಡ್ ಗಿಟಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತೆ, ಲೆಗ್ರಾಂಡ್ ಅವರ ದಪ್ಪ ದನಿ ಒಂಚೂರೂ ಅವಸರ ಇಲ್ಲದೆ ಅದರ ಪಕ್ಕದಲ್ಲೇ ಸಾಗುತ್ತೆ. ಇಬ್ರೇ ಇದ್ದಿದ್ದು, ಸಾಮಾನು ಕಮ್ಮಿ ಇದ್ದಿದ್ದು ಈ ಆಲ್ಬಮ್‌ಗೆ ಒಳ್ಳೇದೇ ಆಯ್ತು ಅಂತೀನಿ ನಾನು, ತುಂಬಿಸೋಕೆ ಏನೂ ಇಲ್ಲದಿದ್ದಾಗ ಒಂದೊಂದು ಸ್ವರಕ್ಕೂ ಉಸಿರಾಡೋಕೆ ಜಾಗ ಸಿಗುತ್ತೆ. ಇದರಲ್ಲಿರೋ ಮಾಸ್ಟರ್ ಆಫ್ ನನ್ ಹಾಡನ್ನ 2011ರಲ್ಲಿ ದ ವೀಕೆಂಡ್ ಅನ್ನೋ ಗಾಯಕ ತನ್ನ ಮಿಕ್ಸ್‌ಟೇಪ್‌ಗೆ ಸ್ಯಾಂಪಲ್ ಮಾಡ್ಕೊಂಡ, ಅಂದ್ರೆ ಅದರ ತುಣುಕನ್ನ ತನ್ನ ಹಾಡಲ್ಲಿ ಸೇರಿಸ್ಕೊಂಡ, ಎಷ್ಟೋ ಜನ ಗೊತ್ತಿಲ್ಲದೇನೇ ಇದನ್ನ ಕೇಳಿರ್ತಾರೆ.

ಶೂಗೇಜ್ ಅನ್ನೋ ಶೈಲಿ ಜೊತೆ ಡ್ರೀಮ್ ಪಾಪ್ ಅನ್ನ ಕಲಸಬೇಡಿ, ಎರಡೂ ಹತ್ತಿರದ ನೆಂಟರು ನಿಜ, ಆದ್ರೆ ಅಲ್ಲಿ ಗಿಟಾರ್ ಅಬ್ಬರ ಗೋಡೆ ಥರ ಎದ್ದು ನಿಲ್ಲುತ್ತೆ. ಸ್ಲೋಕೋರ್ ಇನ್ನೊಂದು ಶೈಲಿ, ಅಮೆರಿಕದ ಮಿನೆಸೋಟದ ಲೋ ಅನ್ನೋ ಬ್ಯಾಂಡ್ 90ರ ದಶಕದಲ್ಲಿ ಮಾಡಿದ್ದು, ಅದೂ ನಿಧಾನವೇ, ಆದ್ರೆ ಸ್ವರಗಳ ನಡುವೆ ಖಾಲಿ ಬಿಡ್ತಾರೆ, ಡ್ರೀಮ್ ಪಾಪ್‌ನಲ್ಲಿ ಆ ಖಾಲಿ ಜಾಗಾನೂ ಗುಂಯ್‌ಗುಡ್ತಾ ಇರುತ್ತೆ.

ನಮ್ಮ ದೇಶದ್ದೇ ಬೇಕು ಅಂದ್ರೆ ಕೋಲ್ಕತ್ತಾದ ಪಾರೇಖ್ ಅಂಡ್ ಸಿಂಗ್ ಇದ್ದಾರೆ, ಅವರೂ ಇಬ್ರೇ, ಮೊದಲ ಆಲ್ಬಮ್ ಓಷನ್ 2016ರಲ್ಲಿ ಬಂತು, ಬೀಚ್ ಹೌಸ್‌ಗಿಂತ ಸ್ವಲ್ಪ ಬೆಳಕು ಜಾಸ್ತಿ ಇರೋ ಹಾಡುಗಳು. ಹೊಸಬರು ಅದರಿಂದ ಶುರು ಮಾಡಿದ್ರೂ ಆಯ್ತು.