ಖಾಲಿ ಕಾಗದದ ಮೇಲಿನ ಮುದ್ರೆ

ವಿಳಾಸದ ಪಕ್ಕ ಬೀಗದ ಚಿತ್ರ ಕಂಡರೆ ಆ ಜಾಲತಾಣವನ್ನು ನಂಬಬಹುದು ಎಂಬ ಪಾಠವನ್ನು ಕಲಬುರಗಿಯ ಕಂಪ್ಯೂಟರ್ ಕ್ಲಾಸುಗಳಲ್ಲಿ ಈಗಲೂ ಹೇಳಿಕೊಡುತ್ತಿದ್ದಾರೆ. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎನ್ನುವ ನಂಬಿಕೆಗಿಂತ ಇದು ಅಪಾಯಕಾರಿ. ಬೆಕ್ಕಿಗೆ ಹೆದರಿ ಮನೆಗೆ ಮರಳಿದವನ ಬ್ಯಾಂಕ್ ಖಾತೆಯಾದರೂ ಉಳಿದುಕೊಳ್ಳುತ್ತದೆ.

ಬೀಗ ಹೇಳುವುದು ಎರಡೇ ಮಾತು. ನೀವು ಕಳುಹಿಸುವ ಅಕ್ಷರಗಳನ್ನು ದಾರಿಯಲ್ಲಿ ಯಾರೂ ಓದಲಾರರು. ಆ ತುದಿಯಲ್ಲಿರುವ ಯಂತ್ರ ವಿಳಾಸದಲ್ಲಿ ಬರೆದ ಹೆಸರಿಗೇ ಸೇರಿದ್ದು. ಆ ಹೆಸರಿನವನು ಸಜ್ಜನನೋ ಕಳ್ಳನೋ ಎಂಬುದರ ಬಗ್ಗೆ ಬೀಗ ತುಟಿ ಬಿಚ್ಚುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿ ಈ ವ್ಯವಸ್ಥೆಯನ್ನು ರೂಪಿಸತೊಡಗಿದಾಗ, ಬೀಗ ತೋರಿಸಲು ಜಾಲತಾಣಕ್ಕೆ ಬೇಕಾದ ಪ್ರಮಾಣಪತ್ರ ಪಡೆಯುವುದು ದುಬಾರಿ ಕೆಲಸವಾಗಿತ್ತು. ಬೀಗ ಇದೆ ಎಂದರೆ ಯಾರೋ ದುಡ್ಡು ಖರ್ಚು ಮಾಡಿದ್ದಾರೆ ಎಂದಾದರೂ ಅರ್ಥವಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಪ್ರಮಾಣಪತ್ರಗಳನ್ನು ಪುಕ್ಕಟೆಯಾಗಿ, ನಿಮಿಷಗಳಲ್ಲಿ ಕೊಡತೊಡಗಿತು. ಜಗತ್ತಿಗೆ ಅದರಿಂದ ಆದ ಉಪಕಾರ ದೊಡ್ಡದು. ನೆಟ್ ಸೆಂಟರಿನ ವೈಫೈ ಬಳಸಿದರೂ ನಿಮ್ಮ ಪಾಸ್‌ವರ್ಡ್ ಪಕ್ಕದ ಕುರ್ಚಿಯವನ ಕೈಗೆ ಸಿಗದಿರುವುದು ಈ ಗೂಢಲಿಪಿ ಎಲ್ಲೆಡೆ ಹರಡಿದ್ದರಿಂದಲೇ. ಆದರೆ ಬೀಗ ಕಳ್ಳನಿಗೂ ಪುಕ್ಕಟೆ. ಗೂಗಲ್ ತನ್ನ ಕ್ರೋಮ್ ಬ್ರೌಸರಿನಿಂದ 2023ರ ಸೆಪ್ಟೆಂಬರ್‌ನಲ್ಲಿ ಆ ಚಿತ್ರವನ್ನೇ ತೆಗೆದುಹಾಕಿದ್ದಕ್ಕೆ ಕಾರಣವೂ ಇದೇ: ಜನ ಅದರಿಂದ ತಪ್ಪು ಅರ್ಥ ಮಾಡಿಕೊಳ್ಳುತ್ತಿದ್ದರು. ಚಿತ್ರ ಹೋಯಿತು, ಪಾಠ ಉಳಿದುಕೊಂಡಿತು.

ಹಾಗಾದರೆ ಮೋಸ ನಡೆಯುವುದು ಎಲ್ಲಿ? ನಮ್ಮ ಪತ್ರಿಕೆಗಳಲ್ಲಿ ಸೈಬರ್ ವಂಚನೆಯ ಸುದ್ದಿ ಬಂದಾಗಲೆಲ್ಲ "ಓದಿದವರೇ ಹೀಗೆ ಮೋಸ ಹೋದರೆ ಹೇಗೆ" ಎಂಬ ಉದ್ಗಾರ ಕೇಳುತ್ತದೆ. ನಿವೃತ್ತ ಮೇಷ್ಟ್ರು ಒಟಿಪಿ ಹೇಳಿಬಿಟ್ಟರು, ಎಂಜಿನಿಯರ್ ಲಿಂಕ್ ಒತ್ತಿಬಿಟ್ಟ, ಎಲ್ಲವೂ ದಡ್ಡತನದ ಲೆಕ್ಕಕ್ಕೆ ಹೋಗುತ್ತದೆ. ಈ ಉದ್ಗಾರ ನನಗೆ ಸಿಟ್ಟು ತರಿಸುತ್ತದೆ. ಇದಕ್ಕೆ ಉತ್ತರ ನಮ್ಮ ಬೀದರ್‌ನಲ್ಲಿಯೇ ಇದೆ, ಅದೂ ಐದು ನೂರು ವರ್ಷಕ್ಕಿಂತ ಹಳೆಯದು.

ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಸ್ಥಳಾಂತರಗೊಂಡ ಕೆಲವು ದಶಕಗಳ ನಂತರ, ಪರ್ಷಿಯಾದ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದವನು ಮಹಮೂದ್ ಗವಾನ್. ಬಂದವನು ಪ್ರಧಾನಿಯಾದ. ರಾಜ್ಯವನ್ನು ವಿಸ್ತರಿಸಿದ, ಪ್ರಾಂತಗಳ ಅಧಿಕಾರಿಗಳ ಬಲ ತಗ್ಗಿಸಿ ಅವರ ದ್ವೇಷ ಕಟ್ಟಿಕೊಂಡ, 1472ರಲ್ಲಿ ಆ ಮದರಸಾ ಕಟ್ಟಿಸಿದ. ಒಂದು ಮಿನಾರಿನ ಮೇಲೆ ಬಣ್ಣದ ಹೆಂಚಿನ ಕೆಲಸ ಇನ್ನೂ ಉಳಿದಿರುವ, ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿರುವ ಕಟ್ಟಡವೇ ಅದು. ಅವನ ಪತ್ರಗಳ ಸಂಗ್ರಹವನ್ನು ಪರ್ಷಿಯನ್ ಬಲ್ಲವರು ಈಗಲೂ ಓದುತ್ತಾರೆ. ದಡ್ಡ ಎಂದು ಕರೆಯಲು ಇವನಿಗಿಂತ ಅನರ್ಹ ಮನುಷ್ಯ ದಖ್ಖನ್ನಿನ ಇತಿಹಾಸದಲ್ಲಿ ಸಿಗಲಿಕ್ಕಿಲ್ಲ.

ಇತಿಹಾಸಕಾರ ಫೆರಿಷ್ತಾ ಬರೆದಿರುವ ಪ್ರಕಾರ, ಅವನ ವಿರೋಧಿಗಳು ಮುದ್ರೆ ಕಾಯುವ ಸೇವಕನ ಸ್ನೇಹ ಬೆಳೆಸಿ, ಅವನಿಗೆ ಚೆನ್ನಾಗಿ ಕುಡಿಸಿ, ಏನೂ ಬರೆಯದ ಒಂದು ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ಅರಸನಿಗೆ ಪತ್ರ ಬರೆದರು: ಬಾ, ಈ ರಾಜ್ಯದ ಮೇಲೆ ದಂಡೆತ್ತಿ ಬಾ. ಪತ್ರ ಸುಲ್ತಾನನ ಕೈ ಸೇರಿತು. ಮುದ್ರೆ ತನ್ನದೇ, ಬರಹ ಮಾತ್ರ ತನ್ನದಲ್ಲ ಎಂದು ಗವಾನ್ ಹೇಳಿದ್ದು ನಡೆಯಲಿಲ್ಲ. 1481ರ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದ ಆ ಮುದುಕನ ತಲೆ ಉರುಳಿತು. ಸುಲ್ತಾನ ಮರುವರ್ಷವೇ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಇಲ್ಲಿ ಯಾರೂ ಮುದ್ರೆಯನ್ನು ಕದಿಯಲಿಲ್ಲ, ನಕಲು ಕೆತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಮುದ್ರೆ ಅಪ್ಪಟವಾಗಿತ್ತು. ದೋಷ ಇದ್ದದ್ದು ಮುದ್ರೆಯ ಸ್ವಭಾವದಲ್ಲೇ: ತನ್ನ ಮೇಲ್ಭಾಗದಲ್ಲಿ ಏನು ಬರೆದಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಯಾವ ಕಾಗದಕ್ಕೆ ಒತ್ತಿದರೂ ಅದೇ ಆಕಾರ.

ಒಟಿಪಿ ಕೂಡ ಅಂಥದ್ದೇ ಮುದ್ರೆ. ಆರು ಅಂಕಿ, ಹತ್ತು ಲಕ್ಷ ಸಾಧ್ಯತೆಗಳು. ತಪ್ಪು ಹಾಕಲು ಕೆಲವೇ ಅವಕಾಶಗಳಿರುವುದರಿಂದ ಊಹಿಸಿ ಗೆಲ್ಲುವುದು ಸುಲಭವಲ್ಲ. ಹಾಗಾಗಿ ಊಹಿಸಲು ಕಳ್ಳ ಹೋಗುವುದೂ ಇಲ್ಲ, ಕೇಳಿ ಪಡೆಯುತ್ತಾನೆ. "ಸರ್, ನಿಮ್ಮ ಕೆವೈಸಿ ಇವತ್ತಿಗೆ ಮುಗಿಯುತ್ತದೆ, ಒಂದು ಸಂಖ್ಯೆ ಬಂದಿರುತ್ತದೆ ನೋಡಿ." ನೀವು ಕೆವೈಸಿಗೆಂದು ಹೇಳಿದ ಅಂಕಿಗಳನ್ನು ಅವನು ಅದೇ ಕ್ಷಣದಲ್ಲಿ ಹಣ ವರ್ಗಾವಣೆಯ ಪುಟದಲ್ಲಿ ತುಂಬುತ್ತಾನೆ. ಬ್ಯಾಂಕಿಗೆ ತಲುಪಿದ್ದು ಸರಿಯಾದ ಮುದ್ರೆಯೇ.

ಕಾರ್ಡ್ ವ್ಯವಹಾರದ ಒಟಿಪಿ ಸಂದೇಶವನ್ನು ಒಮ್ಮೆ ಪೂರ್ತಿ ಓದಿ. ಅಂಕಿಗಳ ಜೊತೆಗೆ ಇಷ್ಟು ರೂಪಾಯಿ, ಇಂಥ ಅಂಗಡಿಗೆ ಎಂಬ ವಿವರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂದರೆ ಬ್ಯಾಂಕು ಮುದ್ರೆಯ ಜೊತೆ ಪತ್ರವನ್ನೂ ಕಳುಹಿಸಿರುತ್ತದೆ. ಆದರೆ ಫೋನ್ ಏನು ಮಾಡುತ್ತದೆ ನೋಡಿ. ಸಂದೇಶ ಬಂದ ಕೂಡಲೇ ಅಂಕಿಗಳನ್ನಷ್ಟೇ ಕಿತ್ತು ಕೀಲಿಮಣೆಯ ಮೇಲೆ ತೋರಿಸುತ್ತದೆ, ಒಂದು ಬೆರಳು ತಾಗಿಸಿದರೆ ತುಂಬಿಕೊಳ್ಳುತ್ತದೆ. ನಲವತ್ತೊಂಬತ್ತು ಸಾವಿರ ರೂಪಾಯಿ ಎಂದಿದ್ದ ಸಾಲು ಕಣ್ಣಿಗೇ ಬೀಳುವುದಿಲ್ಲ. ಅನುಕೂಲದ ಹೆಸರಿನಲ್ಲಿ ಪತ್ರವನ್ನು ಹರಿದು ಮುದ್ರೆಯನ್ನು ಮಾತ್ರ ನಮ್ಮ ಕೈಗಿಡುವ ಈ ವಿನ್ಯಾಸ ಯಾರ ತಲೆಯಲ್ಲಿ ಹೊಳೆಯಿತೋ! ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಮನೆಯ ಹಿರಿಯರ ಫೋನಿನಲ್ಲಿ ನಾನು ನಿಲ್ಲಿಸಿದ್ದೇನೆ.

ಓದದೆ ಒತ್ತಲಾಗದ, ಪತ್ರದಿಂದ ಬಿಡಿಸಲಾಗದ ಮುದ್ರೆಯೊಂದು ಸಾಧ್ಯವೇ? ಸಾಧ್ಯ. ಗಣಿತ ಅದನ್ನು ಮಾಡಿ ತೋರಿಸಿ ಸುಮಾರು ಐವತ್ತು ವರ್ಷಗಳಾದವು, ಮತ್ತು ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಅತ್ಯಂತ ಸುಂದರ ಕಲ್ಪನೆಗಳಲ್ಲಿ ಇದೂ ಒಂದು.

ಮೊದಲ ಹೆಜ್ಜೆ, ಪತ್ರದ ಸಾರ ತೆಗೆಯುವುದು. ಎಸ್‌ಎಚ್‌ಎ-256 ಎಂಬ ಸೂತ್ರ ಪತ್ರ ಎಷ್ಟೇ ಉದ್ದವಿದ್ದರೂ ಅದನ್ನು ಅರೆದು ಸರಿಯಾಗಿ 256 ಬಿಟ್‌ಗಳ, ಅಂದರೆ 256 ಸೊನ್ನೆ-ಒಂದುಗಳ, ಒಂದು ಸಂಖ್ಯೆ ಮಾಡುತ್ತದೆ. ತೊಗರಿ ಖರೀದಿಯ ಕರಾರಿನಲ್ಲಿ ಕ್ವಿಂಟಲ್‌ಗೆ 7000 ಎಂದಿದ್ದುದನ್ನು 7001 ಎಂದು ತಿದ್ದಿದರೆ ಆ ಬಿಟ್‌ಗಳಲ್ಲಿ ಸುಮಾರು ಅರ್ಧದಷ್ಟು ತಿರುವುಮುರುವಾಗುತ್ತವೆ, ಯಾವ ಅರ್ಧ ಎಂದು ಮೊದಲೇ ಹೇಳಲು ಬರುವುದಿಲ್ಲ. ಒಟ್ಟು ಸಾಧ್ಯತೆಗಳನ್ನು ಬರೆದರೆ 78 ಅಂಕಿಗಳ ಸಂಖ್ಯೆ. ಒಂದೇ ಸಾರ ಕೊಡುವ ಎರಡು ಬೇರೆ ಬೇರೆ ಪತ್ರಗಳನ್ನು ಬೇಕೆಂದೇ ರಚಿಸಿದವರು ಇದುವರೆಗೆ ಯಾರೂ ಇಲ್ಲ. ಎರಡನೆಯ ಹೆಜ್ಜೆ, ಆ ಸಾರವನ್ನು ನಿಮ್ಮ ಗುಪ್ತ ಕೀಲಿಯಿಂದ ಲೆಕ್ಕ ಹಾಕಿ ಸಹಿಯಾಗಿ ಬದಲಿಸುವುದು. ಸಹಿ ಮಾಡಲು ಗುಪ್ತ ಕೀಲಿ ಬೇಕು, ಪರೀಕ್ಷಿಸಲು ಅದರ ಜೋಡಿಯಾದ ಬಹಿರಂಗ ಕೀಲಿ ಸಾಕು. ಬಹಿರಂಗ ಕೀಲಿಯನ್ನು ಊರಿಗೆಲ್ಲ ಹಂಚಿದರೂ ಅದರಿಂದ ಗುಪ್ತ ಕೀಲಿಯನ್ನು ಹಿಂದಕ್ಕೆ ಲೆಕ್ಕ ಹಾಕುವುದು ಇಂದಿನ ಕಂಪ್ಯೂಟರುಗಳಿಗೆ ಆಗದ ಕೆಲಸ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಈ ಜೋಡಿ ಕೀಲಿಯ ಕಲ್ಪನೆಯನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಅದನ್ನು ಕಾರ್ಯರೂಪಕ್ಕೆ ತಂದರು. ಸ್ವಾರಸ್ಯವೆಂದರೆ, ಬ್ರಿಟನ್ನಿನ ಗೂಢಚರ್ಯೆ ಇಲಾಖೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಆ ಮೂವರ ಗೂಢಲಿಪಿಯಂಥದ್ದನ್ನೇ ಕಂಡುಹಿಡಿದಿದ್ದರು. ಅದು ಹೊರಗೆ ಬಂದದ್ದು 1997ರಲ್ಲಿ.

ಈಗ ಗವಾನನ ಸೇವಕನ ಕೈಯಲ್ಲಿ ಈ ಮುದ್ರೆ ಇತ್ತೆಂದುಕೊಳ್ಳಿ. ಕುಡಿದ ಮತ್ತಿನಲ್ಲಿ ಖಾಲಿ ಕಾಗದಕ್ಕೆ ಸಹಿ ಮಾಡುತ್ತಾನೆ. ಸಿಗುವುದು ಖಾಲಿ ಕಾಗದದ ಸಹಿ. ಅದರ ಮೇಲೆ ಒಂದು ಅಕ್ಷರ ಬರೆದರೂ ಸಾರ ಬದಲಾಗಿ ಸಹಿ ತಾಳೆಯಾಗುವುದಿಲ್ಲ.

ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಪಹಣಿಯೂ ಡಿಜಿಟಲ್ ಸಹಿಯೊಂದಿಗೆ ಸಿಗುತ್ತದೆ. ಹಾಗಿದ್ದರೂ ಒಂದು ಕಚೇರಿಯಲ್ಲಿ ನನ್ನ ಪಿಡಿಎಫ್ ಕಡತವನ್ನು ನೋಡಲೊಪ್ಪದೆ, ಝೆರಾಕ್ಸ್ ತೆಗೆಸಿ ಅದರ ಮೇಲೆ ಸೀಲು ಹೊಡೆಸಿಕೊಂಡು ಬರಲು ಹೇಳಿದರು. ಮುದ್ರಿಸಿದ ಕಾಗದದಲ್ಲಿ ಉಳಿಯುವುದು ಸಹಿಯ ಚಿತ್ರ ಮಾತ್ರ, ಗಣಿತ ಕಡತದೊಳಗೇ ಉಳಿಯಿತು. ರಬ್ಬರ್ ಸೀಲನ್ನಂತೂ ಯಾವ ಕಾಗದಕ್ಕೆ ಬೇಕಾದರೂ ಒತ್ತಬಹುದು!

ಮನೆಯ ಬಳಕೆದಾರನಿಗೆ ಈ ಗಣಿತ ಸಿಗುವುದು ಪಾಸ್‌ಕೀ ಎಂಬ ಹೆಸರಿನಲ್ಲಿ. ಇದರ ಹಿಂದಿನ ಮಾನದಂಡ 2019ರಲ್ಲಿ ಅಂತಿಮಗೊಂಡಿತು. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಅದನ್ನು ವಿಸ್ತರಿಸುವುದಾಗಿ ಒಟ್ಟಿಗೆ ಪ್ರಕಟಿಸಿದವು. ಲಾಗಿನ್ ಆಗುವಾಗ ಜಾಲತಾಣ ಒಂದು ಯಾದೃಚ್ಛಿಕ ಸಂಖ್ಯೆ ಕಳುಹಿಸುತ್ತದೆ. ಬ್ರೌಸರ್ ಅದರ ಜೊತೆ, ತಾನು ನಿಜವಾಗಿ ಯಾವ ವಿಳಾಸದಲ್ಲಿದೆಯೋ ಅದನ್ನೂ ಸೇರಿಸುತ್ತದೆ. ನಿಮ್ಮ ಬೆರಳಚ್ಚೋ ಪಿನ್ನೋ ಸಿಕ್ಕ ಮೇಲೆ ಸಾಧನ ಆ ಇಡೀ ಕಟ್ಟಿಗೆ ಸಹಿ ಹಾಕುತ್ತದೆ. ನಕಲಿ ಜಾಲತಾಣಕ್ಕೆ ಹೋದಿರೋ, ಆ ವಿಳಾಸಕ್ಕೆ ಕೀಲಿಯೇ ಇಲ್ಲ ಎಂದು ಸಾಧನ ಸುಮ್ಮನಾಗುತ್ತದೆ. ನೀವು ಪೂರ್ತಿ ನಂಬಿ, ಕೊಡಲು ಹಟ ಹಿಡಿದರೂ ಫೋನಿನಲ್ಲಿ ಓದಿ ಹೇಳಲು ಸಂಖ್ಯೆಯೇ ಇರುವುದಿಲ್ಲ. ಇದೇ ತತ್ವದ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಕೀಲಿಗಳನ್ನು ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಕಡ್ಡಾಯ ಮಾಡಿದ ಗೂಗಲ್, ಆ ಬಳಿಕ ಯಾರ ಕೆಲಸದ ಖಾತೆಯೂ ಮೋಸದ ಲಿಂಕಿನಿಂದ ಕೈತಪ್ಪಿಲ್ಲ ಎಂದು 2018ರಲ್ಲಿ ಹೇಳಿತು. ಅವರೆಲ್ಲ ದಿಢೀರನೆ ಜಾಣರಾದರು ಎಂದೇನಲ್ಲ. ಮೊದಲು ಇಮೇಲ್ ಖಾತೆಗೆ ಪಾಸ್‌ಕೀ ಹಾಕಿಕೊಳ್ಳಿ, ಏಕೆಂದರೆ ಉಳಿದ ಹೆಚ್ಚಿನ ಪಾಸ್‌ವರ್ಡುಗಳನ್ನು ಬದಲಿಸುವ ದಾರಿ ಅದರ ಮೂಲಕವೇ ಹೋಗುತ್ತದೆ.

ಪಾಸ್‌ಕೀ ಇಲ್ಲದ ಕಡೆ ವಿಳಾಸವನ್ನು ಕಣ್ಣಿನಿಂದಲೇ ಓದಬೇಕು, ಮತ್ತು ಬಲದಿಂದ ಎಡಕ್ಕೆ ಓದಬೇಕು. ಉರ್ದು ಕಲಿತವರು ಹೆಚ್ಚಿರುವ ನಮ್ಮ ಭಾಗಕ್ಕೆ ಇದೇನು ಕಷ್ಟವಲ್ಲ. ಎಡದಿಂದ ಎಣಿಸಿದಾಗ ಸಿಗುವ ಮೊದಲ ಒಂಟಿ ಓರೆಗೆರೆಯ (/) ಎಡಕ್ಕಿರುವ ಕೊನೆಯ ತುಂಡುಗಳೇ ಒಡೆಯನ ಹೆಸರು. "ನಿಮ್ಮಬ್ಯಾಂಕ್ ಡಾಟ್ ಖಾತೆಪರಿಶೀಲನೆ ಡಾಟ್ ಕಾಮ್" ಎಂದಿದ್ದರೆ ಅದು ಖಾತೆಪರಿಶೀಲನೆ ಎಂಬ ಹೆಸರು ಕೊಂಡವನದು. ಮುಂದಿನ ಬ್ಯಾಂಕಿನ ಹೆಸರು ಅವನು ಅಂಟಿಸಿಕೊಂಡ ಅಲಂಕಾರ. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ "ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಆದೇಶಿಸಿದ್ದು ಈ ಓದನ್ನು ಸುಲಭ ಮಾಡಲಿಕ್ಕೇ. ಆ ಬಾಲದ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

ಇಷ್ಟೆಲ್ಲ ಗಣಿತವೂ ಒಂದು ಕಡೆ ಕೈಚೆಲ್ಲುತ್ತದೆ: ಹೆದರಿಸಿ ನಿಮ್ಮಿಂದಲೇ ಹಣ ಕಳುಹಿಸಿಕೊಳ್ಳುವವನ ಮುಂದೆ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನು ಎಷ್ಟು ಗದರಿದರೂ ಕರೆ ಕತ್ತರಿಸಿದರೆ ಅವನ ಅಧಿಕಾರ ಮುಗಿಯಿತು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದುವೆ ಕರೆಯೋಲೆ ಎಪಿಕೆ ಕಡತ, ಅಂದರೆ ಫೋನಿಗೆ ಆ್ಯಪ್ ಹಾಕುವ ಕಡತವಾಗಿದ್ದರೆ ಅದು ಕರೆಯೋಲೆಯಲ್ಲ, ನಿಮ್ಮ ಸಂದೇಶಗಳನ್ನು ಓದಲು ಬಂದಿರುವ ತಂತ್ರಾಂಶ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ ಅದಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಹರಡಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ನರಳಿದವರು ತೇಪೆ ಹಾಕಿಕೊಳ್ಳದವರು.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಗೆ ಸಮಯವಿಲ್ಲ. ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹಾಕಿದ ನಿಯಮದ ಪ್ರಕಾರ, ಗ್ರಾಹಕ ತಾನೇ ಒಟಿಪಿ ಹೇಳಿದ್ದರೂ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಅವನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ "ಮನೆಯವರಿಗೆ ಗೊತ್ತಾದರೆ ಏನೆಂದುಕೊಂಡಾರು" ಎಂದು ಕುಳಿತ ಪ್ರತಿ ಗಂಟೆಗೂ ಬೆಲೆಯಿದೆ. ಮೊದಲು 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಹಿಡಿಸುವ ಸಹಾಯವಾಣಿ ಅದು. ಜೊತೆಯಲ್ಲೇ ಬ್ಯಾಂಕಿಗೂ ತಿಳಿಸಿ. ವ್ಯವಹಾರದ ಸಂಖ್ಯೆ, ಹೊತ್ತು, ಮೊತ್ತ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಕುಳಿತರೆ ಮಾತು ಬೇಗ ಮುಗಿಯುತ್ತದೆ. ಆ ಕಡೆಯವರು ಕೊಡುವ ದೂರಿನ ಸಂಖ್ಯೆಯನ್ನೂ ಅದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬ್ಯಾಂಕಿನಲ್ಲಿ, ಠಾಣೆಯಲ್ಲಿ ಅದನ್ನು ಕೇಳುತ್ತಾರೆ.