ಹದಿನೆಂಟು ತುಂಬಿದ ಮಗಳಿಗೆ ಯಾವ ಹಳೇ ಕಾರು?

ಡಿಎಲ್ ಕೈಗೆ ಬಂದ ವಾರಕ್ಕೇ ಅಪ್ಪಂದಿರು ಫೋನ್ ಮಾಡುತ್ತಾರೆ. "ಸಾರ್, ಮಗಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿಕೊಡಿ. ಹೇಗೂ ಎಲ್ಲಾದ್ರೂ ಗುದ್ದಿಕೊಂಡು ಬರ್ತಾಳೆ, ತುಂಬಾ ಹಳೇದಾದ್ರೂ ಪರವಾಗಿಲ್ಲ." ಗುದ್ದುತ್ತಾಳೆ ಅಂತ ಗೊತ್ತಿದ್ದ ಮೇಲೆ, ಗುದ್ದಿದಾಗ ಕಾಪಾಡುವ ಕಾರನ್ನೇ ಅಲ್ವಾ ಕೊಡಿಸಬೇಕು?

ಅದಕ್ಕೇ ನಾನು ಮೊದಲು ನೋಡುವುದು ಕಿಲೋಮೀಟರ್ ಅಲ್ಲ, ಕಾರು ತಯಾರಾದ ತಿಂಗಳು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ), ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನದು ಎಲ್ಲಾ ಮಾಡೆಲ್‌ಗೂ ಬಂದಿದ್ದು 2022ರ ಹೊತ್ತಿಗೆ. ಇದಕ್ಕಿಂತ ಹಳೇದಾದರೆ ಎರಡೂ ಏರ್‌ಬ್ಯಾಗ್ ಇರುವ ಟಾಪ್ ಮಾಡೆಲ್ ಹುಡುಕಿ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ಸ್ಟಾರ್ ಪಡೆದ ಟಿಯಾಗೊ ಥರದ ಸಣ್ಣ ಪೆಟ್ರೋಲ್ ಕಾರು ಸಾಕು. ಕಾಲೇಜಿಗೆ ಹೋಗಿ ಬರೋಕೆ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಬೇಡ, ಬರೀ ಸಿಟಿಯಲ್ಲಿ ಓಡಿಸಿದರೆ ಅದರ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿಕೊಳ್ಳುತ್ತದೆ.

ಸ್ಟೀರಿಂಗ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದೆ ಅಂದುಕೊಂಡು ಸುಮ್ನೆ ನಂಬಬೇಡಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಏನೋ ಕೆಟ್ಟಿದೆ ಅಂತ ಲೆಕ್ಕ, ಹತ್ತಲೇ ಇಲ್ಲವೆಂದರೆ ನನಗೆ ಅನುಮಾನ ಇನ್ನೂ ಜಾಸ್ತಿ, ಯಾಕಂದ್ರೆ ಹಿಂದೆ ಯಾವಾಗಲೋ ಬ್ಯಾಗ್ ಬಿಚ್ಚಿಕೊಂಡಿದ್ದು, ಹೊಸದು ದುಬಾರಿ ಅಂತ ಬರೀ ಕವರ್ ಮುಚ್ಚಿ ದೀಪವನ್ನೇ ತಪ್ಪಿಸಿರುತ್ತಾರೆ.

ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯಲು ಹೋಗುವುದಿಲ್ಲ. ಅಲ್ಲಿ ಕೆಸರಿನ ಗೆರೆ ಕಂಡರೆ ಕಾರು ನೀರಿಗೆ ಸಿಕ್ಕಿತ್ತು ಅಂತಲೇ ತಿಳಿಯಿರಿ. ಬೆಲ್ಟಿನ ಚೀಟಿಯಲ್ಲಿರುವ ವರ್ಷ ಕಾರಿಗಿಂತ ಹೊಸದಾಗಿದ್ದರೆ, ಯಾಕೆ ಬದಲಾಯಿಸಿದಿರಿ ಅಂತ ಕೇಳಿ. ಟೈರ್ ಮೇಲೆ 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಹಳೇ ಟೈರ್, ಮೇಲಿನ ಬಟನ್ ಚೆನ್ನಾಗಿ ಕಂಡರೂ ಬದಲಾಯಿಸುವ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಕಾರು ನಿಮ್ಮ ಹೆಸರಿಗೆ ವರ್ಗಾಯಿಸಲು ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ, ಹಳೇ ಓನರ್‌ನ ಲೋನ್ ಇದ್ದರೆ ಅದು ತೀರಿದೆ ಅನ್ನುವುದಕ್ಕೆ ಫಾರಂ 35 ಜೊತೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು. 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರ್‌ನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

"ಮಗನಿಗಿನ್ನೂ ಹದಿನೇಳು, ಲೇಔಟ್ ಒಳಗಷ್ಟೇ ಓಡಿಸ್ತಾನೆ" ಅನ್ನುವವರಿಗೆ ನಾನು ಕಾರು ನೋಡಿಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾರಿನ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವ ತನಕ ಡಿಎಲ್ಲೂ ಇಲ್ಲ.